ದೇವರು ಮೊದಲೇ ಹೋದ ಮನೆ

ನಾಸಿಕದ ಅಂಬಡಿನ ಕಾರ್ಖಾನೆಗಳ ಹಿಂದಿನ ಗಲ್ಲಿಗೆ ಹೋಗಿ ಪ್ರೇಮಾಬಾಯಿಯ ಮನೆ ಎಲ್ಲಿ ಎಂದು ಕೇಳಿದರೆ ಜನ ಮುಖ ಮುಖ ನೋಡಿಕೊಳ್ಳುತ್ತಿದ್ದರು. ರೊಟ್ಟಿ ಅಕ್ಕ ಎಂದರೆ ಮಾತ್ರ ಪಾನ್ ಅಂಗಡಿಯವನಿಂದ ಹಿಡಿದು ಸಿಮೆಂಟು ಇಳಿಸುವ ಹಮಾಲರ ತನಕ ಎಲ್ಲರೂ ಕೈ ಮಾಡಿ ತೋರಿಸುತ್ತಿದ್ದರು. ಬೀದರ ಜಿಲ್ಲೆಯ ಭಾಲ್ಕಿ ಕಡೆಯ ಹೆಣ್ಣುಮಗಳು. ಲಗ್ನವಾದ ಮೇಲೆ ಗಂಡನ ಹಿಂದೆ ಮೊದಲು ಚಿಂಚವಾಡಕ್ಕೆ, ಅಲ್ಲಿಂದ ವರ್ಷ ತುಂಬುವುದರೊಳಗೇ ನಾಸಿಕಕ್ಕೆ ಬಂದವಳು. ಬಂದ ಹೊಸದರಲ್ಲಿ ಅವಳಿಗೆ ಮರಾಠಿ ಬರುತ್ತಿರಲಿಲ್ಲ, ಯಾರ ಗುರುತೂ ಇರಲಿಲ್ಲ. ಬರುತ್ತಿದ್ದದ್ದು ರೊಟ್ಟಿ ಬಡಿಯುವುದೊಂದೇ.

ಆ ಒಂದೇ ವಿದ್ಯೆ ಅವಳನ್ನು ಊರಿಗೆಲ್ಲ ಪರಿಚಯ ಮಾಡಿಸಿತು. ಅವಳ ಗಂಡ ವಿಶ್ವನಾಥಪ್ಪ ಆಗ ಕರೆಂಟಿನ ಪ್ಯಾನೆಲ್ ಮಾಡುವ ಒಂದು ಕಾರ್ಖಾನೆಯಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದ. ಅವನ ಡಬ್ಬಿಯ ಬಿಳಿಜೋಳದ ರೊಟ್ಟಿ ನೋಡಿ ಕಲಬುರಗಿ ಕಡೆಯ ಹುಡುಗರು ಇಬ್ಬರು ಬಾಯಿ ಚಪ್ಪರಿಸಿದರು. ನಮಗೂ ಎರಡು ಬಡಿದು ಕೊಡಲು ಹೇಳ್ರಿ ಅಂದರು. ಎರಡು ಇದ್ದದ್ದು ಇಪ್ಪತ್ತಾಯಿತು. ಆಮೇಲೆ ಗೌಂಡಿ ಕೆಲಸದ ಗುಂಪು ಕಟ್ಟಿಕೊಂಡು ಬಂದ ಮಹಿಬೂಬ ಮೇಸ್ತ್ರಿ ತನ್ನ ಇಡೀ ಮಂದಿಯ ಊಟ ಅವಳಿಗೆ ಒಪ್ಪಿಸಿದ. ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಬಂದು, ದಿನವೆಲ್ಲ ಇಟ್ಟಿಗೆ ಹೊತ್ತು, ಹೋಟೆಲಿನ ಮೈದಾ ರೊಟ್ಟಿ ತಿಂದು ಹೊಟ್ಟೆ ಕೆಡಿಸಿಕೊಂಡಿದ್ದ ಜನ ಅವರು. ಬಿಸಿ ರೊಟ್ಟಿ, ಪುಂಡಿಪಲ್ಯ, ಮೇಲಿಷ್ಟು ಶೇಂಗಾ ಚಟ್ನಿ ಕಂಡಾಗ ಅವರ ಮುಖದಲ್ಲಿ ಬರುತ್ತಿದ್ದ ಕಳೆ ನೋಡುವುದೇ ಪ್ರೇಮಾಬಾಯಿಗೆ ಒಂದು ಚಟವಾಗಿಬಿಟ್ಟಿತ್ತು.

ಗಂಡನಿಗೆ ಸಂಬಳ ಇರುವ ತನಕ ಇದು ಕೈಖರ್ಚಿನ ಕಸುಬು. ಕಾರ್ಖಾನೆ ಮುಚ್ಚಿದ ಮೇಲೆ ಇದೇ ಮನೆಯ ಕಂಬವಾಯಿತು. ವಿಶ್ವನಾಥಪ್ಪ ಒಂದಿಷ್ಟು ದಿನ ಯಾವುದೋ ಅಪಾರ್ಟ್‌ಮೆಂಟಿನ ಗೇಟಿಗೆ ವಾಚ್‌ಮನ್ ಆಗಿ ನಿಂತ. ಮೊಳಕಾಲು ಬಾತು ಬಂದು ಅದೂ ಹೋಯಿತು. ಕೆಲಸವಿಲ್ಲದೆ ಮನೆಯಲ್ಲಿ ಕೂತ ಗಂಡಸರು ಕೆಲವರು ಬಾಟಲಿಯ ಬೆನ್ನು ಹತ್ತುತ್ತಾರೆ, ಕೆಲವರು ದೇವರ ಬೆನ್ನು ಹತ್ತುತ್ತಾರೆ. ವಿಶ್ವನಾಥಪ್ಪ ದೇವರ ಕಡೆ ಹೋದ. ಬೆಳಿಗ್ಗೆ ಸ್ನಾನ ಮಾಡಿ ಇಷ್ಟಲಿಂಗದ ಪೂಜೆಗೆ ಕೂತರೆ ಏಳುತ್ತಲೇ ಇರಲಿಲ್ಲ. ಎದ್ದ ಮೇಲೆ ಗೋಡೆಯ ಮಾಡದಲ್ಲಿದ್ದ ಜಗಲಿಯ, ಅಂದರೆ ಮನೆತನದ ಪೂಜಾಪೀಠದ, ದೇವರುಗಳನ್ನು ಒಂದೊಂದಾಗಿ ತಿಕ್ಕಿ ತೊಳೆಯುತ್ತಿದ್ದ. ಹಿತ್ತಾಳೆಯ ಮೈಲಾರಲಿಂಗ, ಭವಾನಿ, ವೀರಭದ್ರ, ಎಲ್ಲ ಅವನ ತಾಯಿಯ ಕಾಲದವು. ಅತ್ತ ಅಷ್ಟು ಹೊತ್ತಿಗೆ ಹೆಂಡತಿ ಬೆವರಿಳಿಸುತ್ತ ಹಂಚಿನ ಮುಂದೆ ಕೂತು ಅರ್ಧ ಬುಟ್ಟಿ ರೊಟ್ಟಿ ಇಳಿಸಿರುತ್ತಿದ್ದಳು. ಒಂದು ಕೊಡ ನೀರು ಎತ್ತಿಕೊಡೋಣ ಅಂತ ಅವನಿಗೆ ಹೊಳೆಯುತ್ತಿರಲಿಲ್ಲ. ಕೆಟ್ಟವನಲ್ಲ, ಆದರೆ ಇಂಥವರನ್ನು ಒಳ್ಳೆಯವರು ಅನ್ನಲಿಕ್ಕೂ ನಾಲಗೆ ಬರುವುದಿಲ್ಲ.

ಇವರಿಗೆ ಮಗಳೊಬ್ಬಳು, ಪ್ರಿಯಾ. ನಾಸಿಕದಲ್ಲೇ ಹುಟ್ಟಿ ಬೆಳೆದವಳು. ತಾಯಿ ಕನ್ನಡದಲ್ಲಿ ಬೈದರೆ ಪೂರಾ ತಿಳಿಯುತ್ತಿತ್ತು, ತಿರುಗಿ ಜಗಳವಾಡುವುದು ಮಾತ್ರ ಮರಾಠಿಯಲ್ಲಿ. ರಕ್ತ ಪರೀಕ್ಷೆ ಮಾಡುವ ಲ್ಯಾಬ್ ಟೆಕ್ನಿಶಿಯನ್ ಕೋರ್ಸಿಗೆ ಸೇರಿದ್ದಳು, ಇನ್ನೊಂದು ವರ್ಷ ಬಾಕಿ. ಆ ಕಾಲೇಜಿನ ಫೀಸು ರೊಟ್ಟಿಯಿಂದ ಹುಟ್ಟುತ್ತಿತ್ತು. ಪ್ರೇಮಾಬಾಯಿಗೆ ಇದು ಬರೀ ಫೀಸಾಗಿರಲಿಲ್ಲ. ತನ್ನ ಕೈಯಿಂದ, ಯಾರನ್ನೂ ಕೇಳದೆ, ಒಂದು ಹೆಣ್ಣುಮಗುವನ್ನು ಬಿಳಿ ಕೋಟು ಹಾಕುವ ಮಟ್ಟಕ್ಕೆ ತರುತ್ತಿದ್ದೇನೆ ಅನ್ನುವ ಹಮ್ಮು ಅವಳಿಗಿತ್ತು. ಇರಲಿ ಬಿಡಿ, ಬೇರೆ ಯಾವ ಹಮ್ಮು ಅವಳ ಪಾಲಿಗೆ ಬಂದಿತ್ತು?

ಬಾಡಿಗೆ ಏರುತ್ತ ಹೋದದ್ದು ಈ ಹೊತ್ತಿನಲ್ಲೇ. ಮನೆಯೊಡತಿ ಮಂಗಲಾತಾಯಿ ಗಂಡ ಸತ್ತ ಹೆಂಗಸು, ಆ ಎರಡು ಖೋಲಿಗಳ ಬಾಡಿಗೆಯೇ ಅವಳಿಗೂ ಅನ್ನ. ಕಾರ್ಖಾನೆಯ ಹುಡುಗರು ಒಂದು ಖೋಲಿಯಲ್ಲಿ ನಾಲ್ಕು ಜನ ಮಲಗಿ ತಲೆಗಿಷ್ಟು ಅಂತ ಕೊಡಲು ಸಾಲುಗಟ್ಟಿ ನಿಂತಿದ್ದಾರೆ, ಸಂಸಾರದವರನ್ನು ಇಟ್ಟುಕೊಂಡು ನಾನು ಲುಕ್ಸಾನು ಮಾಡಿಕೊಳ್ಳುತ್ತಿದ್ದೇನೆ ಎಂದು ಅವಳು ಬಾಗಿಲಲ್ಲಿ ನಿಂತು ಹೇಳಿ ಹೋದಳು. ದನಿ ಏರಿಸಲಿಲ್ಲ. ಏರಿಸಿದ್ದರೆ ಪ್ರೇಮಾಬಾಯಿಯೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದಳು. ಎರಡು ತಿಂಗಳ ಬಾಡಿಗೆ ಉಳಿದಿತ್ತು, ಗ್ಯಾಸು ಏರಿತ್ತು, ಜೋಳ ಏರಿತ್ತು, ರೊಟ್ಟಿಯ ರೇಟು ಏರಿಸಿದರೆ ಇಟ್ಟಿಗೆ ಹೊರುವವರು ಎಲ್ಲಿಂದ ಕೊಟ್ಟಾರು?

ಅದೇ ವಾರ ಗಂಗಾಪುರದಿಂದ ಉಮಾನಾಥನ ಫೋನು ಬಂತು. ಉಮಾನಾಥ ವಿಶ್ವನಾಥಪ್ಪನ ಚಿಕ್ಕಪ್ಪನ ಮಗ, ಸಂಭಾಜಿನಗರ ಜಿಲ್ಲೆಯ ಆ ತಾಲೂಕಿನ ಊರಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದಾನೆ. ತನ್ನ ಓಣಿಯಲ್ಲೇ ಒಂದು ಮನೆ ಖಾಲಿ ಆಗಿದೆ, ಬಂದುಬಿಡ್ರಿ ಅಂದ. ವಿಶ್ವನಾಥಪ್ಪನ ಮುಖಕ್ಕೆ ಎಷ್ಟೋ ದಿನದ ಮೇಲೆ ರಕ್ತ ಬಂತು.

"ಬಾಡಿಗಿ ಇಲ್ಲಿದರ ಮೂರನೇ ಪಾಲು ಅದ ನೋಡು," ಅಂದ ಹೆಂಡತಿಗೆ. "ಮುಂದ ಅಂಗಳ ಅದ. ನಳ ಅದ. ಉಮಾನಾಥ ಅಂಗಡ್ಯಾಗ ಬಂದು ಕೂಡು ಅಂತಾನ. ಇನ್ನೇನು ಬೇಕು ಪ್ರಿಯಾನ ಅವ್ವ?"

"ಪಗಾರ ಎಷ್ಟು ಕೊಡ್ತಾರಂತ್ರಿ?"

"ಅಣ್ಣ ತಮ್ಮರೊಳಗ ಅದೆಂಗ ಕೇಳ್ಲಿ? ನೋಡೂಣಂದಾನ."

"ಮತ್ತ ನನ್ನ ರೊಟ್ಟಿ ಯಾರು ತಗೋತಾರ್ರಿ ಅಲ್ಲಿ?"

"ಹೊಟ್ಟಿ ಎಲ್ಲಾ ಕಡಿ ಇರ್ತಾವ."

"ಹೊಟ್ಟಿ ಇರ್ತಾವ್ರಿ. ಆ ಹೊಟ್ಟಿ ಸಂಗಾಟ ಮನ್ಯಾಗ ಹೆಣ್ಮಕ್ಕಳೂ ಇರ್ತಾರ. ಇಲ್ಲಿ ಮಂದಿ ಹೆಂಡ್ರನ್ನ ಊರಾಗ ಬಿಟ್ಟು ಬಂದಾರಂತ ನನ್ನ ಬಾಗಲಿಗಿ ಬರ್ತಾರ. ಅಲ್ಲಿ ಯಾರ ಮನ್ಯಾಗ ಜ್ವಾಳದ ಭಾಕ್ರಿ ಬಡ್ಯೋರಿಲ್ಲ ಹೇಳ್ರಿ?"

ವಾದದಲ್ಲಿ ಸೋತ ಗಂಡಸರು ಮಾಡುವ ಹಾಗೆ ವಿಶ್ವನಾಥಪ್ಪ ಟಿವಿಯ ದನಿ ಏರಿಸಿದ. ಕಡೆಗೆ ದಸರೆಯ ತನಕ ಅವಸರ ಮಾಡುವುದು ಬೇಡ, ಅಷ್ಟರಲ್ಲಿ ಏನಾದರೂ ದಾರಿ ಕಂಡೀತು ಎಂದು ಇಬ್ಬರೂ ಒಪ್ಪಿದರು.

ಪ್ರೇಮಾಬಾಯಿ ದಾರಿ ಹುಡುಕಿದಳು. ಗಂಗಾಪುರದಲ್ಲೇ ಕೂತು ಒಣಗಿಸಿದ ಕಟಿ ರೊಟ್ಟಿ ಮಾಡಿ ಎಸ್‌ಟಿ ಬಸ್ಸಿಗೆ ಹಾಕಿ ಕಳಿಸಿದರೆ ಹೇಗೆ ಎಂದು ಮಹಿಬೂಬ ಮೇಸ್ತ್ರಿಯನ್ನೇ ಕೇಳಿದಳು. ಅವನು ಬುಟ್ಟಿ ಇಳಿಸಿಕೊಳ್ಳುತ್ತಿದ್ದವನು ನಿಂತ.

"ಕಟಿ ರೊಟ್ಟಿ ಒಂದಿನ ಎರಡು ದಿನ ಛಂದ ಅಕ್ಕಾ. ದುಡದು ಬಂದ ಮನಷಾಗ ಬಿಸೀದು ಬೇಕಾಗ್ತದ. ಮತ್ತ ಆ ಬಸ್ಸಿನಾಗ ಬಂದು ಮುಟ್ಟೂದ್ರಾಗ ರೊಟ್ಟಿ ಪುಡಿ ಆಗ್ತದ್ರಿ." ಬುಟ್ಟಿ ಕೆಳಗಿಟ್ಟು ಮತ್ತೆ ಹೇಳಿದ, "ನೀವು ಹೋಗಬ್ಯಾಡ್ರಿ ಅಕ್ಕಾ. ಹೊಸಾ ಸೈಟ್ ಶುರು ಆಗೂದದ, ದೀಪಾವಳಿ ಆದ ಮ್ಯಾಲ ಮಂದಿ ಇನ್ನೂ ಬರ್ತಾರ. ಆಗ ನಿಮ್ಮ ಕೈಯಾಗ ಆಗಲಾರದಷ್ಟು ಕೆಲಸ ಬರ್ತದ."

ದೀಪಾವಳಿ! ಅಲ್ಲಿಯ ತನಕ ಹಲ್ಲು ಕಚ್ಚಿ ಹಿಡಿದರೆ ಆಯಿತು. ಆವತ್ತು ಅವಳು ಸೈಟಿನಿಂದ ಮನೆಗೆ ನಡೆದದ್ದು ಹುಡುಗಿಯ ಹಾಗೆ. ಮಂಗಲಾತಾಯಿಯ ಕಾಲು ಹಿಡಿದಾದರೂ ಸರಿ ನಾಲ್ಕು ತಿಂಗಳು ತಳ್ಳಬೇಕು, ಕೊರಳಿನ ಬಂಗಾರದ ಗುಂಡು ಮಾರಿದರೂ ಚಿಂತೆಯಿಲ್ಲ, ಪ್ರಿಯಾನ ಪರೀಕ್ಷೆ ಒಂದು ಮುಗಿಯಲಿ. ಅವಳು ಮನಸ್ಸಿನಲ್ಲಿ ನಾಸಿಕ ಬಿಡುವುದಿಲ್ಲ ಎಂದು ಗಟ್ಟಿ ಮಾಡಿಕೊಂಡಳು. ಸಂಜೆ ಗಂಡನಿಗೆ ಹೇಳಿಬಿಡಬೇಕು ಅಂದುಕೊಂಡಳು.

ಮನೆಗೆ ಬಂದರೆ ಗಂಡ ಇರಲಿಲ್ಲ. ಶ್ರಾವಣ ಸೋಮವಾರ, ಗುಡಿಗೆ ಹೋಗಿರಬೇಕು ಅಂದುಕೊಂಡಳು. ಕೈಕಾಲು ತೊಳೆದು ಊದಿನಕಡ್ಡಿ ಹಚ್ಚಲು ಮಾಡದ ಮುಂದೆ ಬಂದಳು. ಮಾಡದಲ್ಲಿ ಒಂದೂ ದೇವರಿಲ್ಲ. ವರ್ಷಾನುಗಟ್ಟಲೆ ಉರಿದ ದೀಪದ ಮಸಿ ಗೋಡೆಗೆ ಹತ್ತಿತ್ತು, ಅದರ ಕೆಳಗೆ ಪೀಠವೂ ಇಲ್ಲ, ಕೆಂಪು ವಸ್ತ್ರವೂ ಇಲ್ಲ. ಕಳ್ಳರು ಬಂದರು ಎಂದೇ ತಿಳಿದು ಪ್ರಿಯಾಳನ್ನು ಕೂಗಿದಳು.

ಸಂಜೆ ವಿಶ್ವನಾಥಪ್ಪ ಬಂದ. ಹಣೆ ತುಂಬ ವಿಭೂತಿ, ಮುಖ ತುಂಬ ನಗು.

"ಜಗಲಿ ಕುಂಡ್ರಿಸಿ ಬಂದೆ," ಅಂದ. "ಗಂಗಾಪುರದಾಗ. ಇವತ್ತಿನಂಥ ದಿನ ಮತ್ತ ಸಿಗಾಂಗಿಲ್ಲ, ಮುಂದ ಪಿತೃಪಕ್ಷ ಬರ್ತದ, ಒಳ್ಳೇ ಕೆಲಸ ಮಾಡ್ಲಿಕ್ಕಿ ಬರಾಂಗಿಲ್ಲ. ಉಮಾನಾಥ ಫೋನ್ ಮಾಡಿದ, ಮನಿ ಬ್ಯಾರೆಯವರು ಕೇಳ್ಲತ್ಯಾರ ಅಂತ. ದೇವರು ಕುಂತ್ರ ಮನಿ ನಮ್ಮದ ಆದಂಗ. ಬಸ್ಸಿನಾಗ ತೊಡಿ ಮ್ಯಾಲ ಇಟ್ಕೊಂಡು ಹೋದೆ, ಕೆಳಗ ಇಡಲಿಲ್ಲ."

ಪ್ರೇಮಾಬಾಯಿ ಖಾಲಿ ಮಾಡದ ಕಡೆ ಕೈ ಮಾಡಿದಳು.

"ದಸರಾ ತನಕ ವಿಚಾರ ಮಾಡೂಣ ಅಂದಿದ್ರಿ."

"ವಿಚಾರ ಮಾಡೂಣು, ಯಾರು ಬ್ಯಾಡಂದಾರ? ದೇವರು ಮೊದಲ ಹೋಗ್ಯಾವ, ಅಷ್ಟ."

ಪ್ರಿಯಾ ಒಳಗಿನಿಂದ ಬಂದಳು. ಸಿಟ್ಟಿನಲ್ಲಿ ಅವಳ ಮಾತು ಅರ್ಧ ಕನ್ನಡ, ಅರ್ಧ ಮರಾಠಿ. "ದೇವರಿಗೆ ಕಾಲೇಜ್ ಇಲ್ಲ ಪಪ್ಪಾ, ಮಲಾ ಆಹೇ ನಾ!" ಅಂದಳು. ನನಗಿದೆಯಲ್ಲ.

ಹೊರಗಿನವರಿಗೆ ಇದರಲ್ಲೇನು ಅಂಥಾದ್ದು ಅನ್ನಿಸಬಹುದು. ಹಿತ್ತಾಳೆಯ ಮೂರು ಮೂರ್ತಿ, ಮತ್ತೊಂದು ಬಸ್ಸು ಹತ್ತಿ ಹೋಗಿ ತಂದರಾಯಿತು. ಆದರೆ ಆ ಮನೆತನದಲ್ಲಿ ಒಂದು ನೇಮವಿತ್ತು. ಜಗಲಿ ಒಂದು ಕಡೆ ಕುಂತ ಮೇಲೆ ವರ್ಷ ತುಂಬುವ ತನಕ ಮತ್ತೆ ಎಬ್ಬಿಸುವಂತಿಲ್ಲ. ಸೊಸೆಯಾಗಿ ಬಂದ ಮೊದಲ ದಿನವೇ ಅತ್ತೆ ಅವಳಿಗೆ ಇದನ್ನು ಹೇಳಿದ್ದಳು. ವಿಶ್ವನಾಥಪ್ಪನಿಗೆ ನೇಮ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದೇ ಅಲ್ಲಿ ಕುಂಡ್ರಿಸಿ ಬಂದಿದ್ದ. ಹೆಂಡತಿಯ ಜತೆ ವಾದಿಸಿ ಗೆಲ್ಲಲಾರದವನು ದೇವರನ್ನು ಮುಂದೆ ಮಾಡಿದ್ದ, ಅದು ಅವನಿಗೇ ಪೂರಾ ತಿಳಿದಿತ್ತೋ ಇಲ್ಲವೋ.

ಎರಡು ದಿನ ಪ್ರೇಮಾಬಾಯಿ ಗಂಡನ ತಾಟನ್ನು ಪ್ರಿಯಾಳ ಕೈಯಿಂದಲೇ ಇಡಿಸಿದಳು. ಮೂರನೆಯ ದಿನ ರೊಟ್ಟಿ ಬುಟ್ಟಿಯನ್ನು ಪ್ರಿಯಾಳ ಕೈಗೆ ಕೊಟ್ಟು, ಯಾರಿಗೂ ಹೇಳದೆ ಸಂಭಾಜಿನಗರದ ಬಸ್ಸು ಹತ್ತಿದಳು. ನೇಮ ಹಾಳಾಗಲಿ, ದೇವರನ್ನು ತಂದೇ ತರುತ್ತೇನೆ ಎಂದು ಹೊರಟಿದ್ದಳು. ಯೇವಲಾ ದಾಟಿತು, ವೈಜಾಪುರ ದಾಟಿತು. ಎರಡೂ ಕಡೆ ಮೆಕ್ಕೆಜೋಳ, ಹತ್ತಿ. ದಾರಿಯುದ್ದಕ್ಕೂ ಅವಳು ನೋಡಿದ್ದು ಕಾರ್ಖಾನೆಯ ಚಿಮಣಿ ಎಲ್ಲಾದರೂ ಇದೆಯೇ, ಕಟ್ಟುತ್ತಿರುವ ಬಿಲ್ಡಿಂಗು ಇದೆಯೇ ಎಂದು. ಗಂಗಾಪುರದಲ್ಲಿ ಇಳಿದಾಗ ಹೊಲದಿಂದ ಬರುವವರು, ಹೊಲಕ್ಕೆ ಹೋಗುವವರು, ತಲೆಯ ಮೇಲೆ ಬುತ್ತಿಯ ಗಂಟು. ಆ ಗಂಟಿನೊಳಗೆ ಇರುವುದು ಮನೆಯಲ್ಲೇ ಬಡಿದ ಭಾಕ್ರಿ ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಉಮಾನಾಥನ ಹೆಂಡತಿ ಕುಸುಮಾವತಿ ಬೀಗ ತೆಗೆದು ಕೊಟ್ಟಳು. ಮನೆ ಚೆನ್ನಾಗಿತ್ತು. ಸುಳ್ಳು ಯಾಕೆ, ನಾಸಿಕದ ಖೋಲಿಯ ಎರಡರಷ್ಟು ಇತ್ತು. ಬೆಳಕಿತ್ತು. ಒಳಕೋಣೆಯ ಕಟ್ಟೆಯ ಮೇಲೆ ಕೆಂಪು ವಸ್ತ್ರದಲ್ಲಿ ಮೂರು ದೇವರು, ಮುಂದೆ ಕುಸುಮಾವತಿ ಹಚ್ಚಿದ ದೀಪ.

"ದಿನಾ ನಾನೇ ಎಣ್ಣಿ ಹಾಕ್ತೀನಿ ವೈನಿ," ಅಂದಳು ಅವಳು ಮೆಲ್ಲಗೆ. "ಮಂದಿ ಇಲ್ಲದ ಮನ್ಯಾಗ ದೇವರು ಕುಂತಾವ, ಜೀವಕ್ಕ ಸಮಾಧಾನ ಇಲ್ಲ ನನಗ. ನೀವು ಒಯ್ತೀರಿ ಅಂದ್ರ ಒಯ್ರಿ, ನಾ ಅಡ್ಡ ಬರಾಂಗಿಲ್ಲ."

ಪ್ರೇಮಾಬಾಯಿ ಚೀಲದ ಬಾಯಿ ಬಿಚ್ಚಿದಳು. ಭವಾನಿಯ ಕಡೆ ಕೈ ಚಾಚಿದಳು.

ಊರಿಂದ ಚಿಂಚವಾಡಕ್ಕೆ, ಅಲ್ಲಿಂದ ನಾಸಿಕಕ್ಕೆ ಬಂದ ಆ ಒಂದೇ ವರ್ಷದಲ್ಲಿ ಜಗಲಿಯನ್ನು ಎರಡು ಸಲ ಎಬ್ಬಿಸಿದ್ದರು. ಕೆಲಸ ಬದಲಾಗಿತ್ತು, ಬೇರೆ ಉಪಾಯವಿರಲಿಲ್ಲ. ಆ ಚಳಿಗಾಲದಲ್ಲಿ ಅವರ ಮೊದಲ ಕೂಸು, ಗಂಡುಮಗು, ಜ್ವರದಿಂದ ಹೋಯಿತು. ಡಾಕ್ಟರು ನ್ಯುಮೋನಿಯಾ ಅಂದರು. ಅದು ನ್ಯುಮೋನಿಯಾನೇ ಎಂದು ಪ್ರೇಮಾಬಾಯಿಗೂ ಗೊತ್ತು, ಅವಳೇನು ದಡ್ಡಿಯಲ್ಲ. ಅತ್ತೆ ಸುಮ್ಮನೆ ಜಗಲಿಯ ಕಡೆ ನೋಡಿದಳು ಅಷ್ಟೇ. ಆ ನೋಟ ಇಷ್ಟು ವರ್ಷ ಎಲ್ಲೋ ಮಲಗಿತ್ತು. ಈಗ ಕೈ ಚಾಚಿದಾಗ ಎದ್ದು ಕೂತಿತು. ಮನೆಯಲ್ಲಿ ಒಬ್ಬಳು ಹುಡುಗಿ ಇದ್ದಾಳೆ. ಒಬ್ಬಳೇ ಇದ್ದಾಳೆ. ದಿನಾ ಹೆದ್ದಾರಿ ದಾಟಿ ಕಾಲೇಜಿಗೆ ಹೋಗುತ್ತಾಳೆ.

ಕೈ ಹಿಂದಕ್ಕೆ ಬಂತು. ಅವಳು ದೀಪಕ್ಕೆ ಎಣ್ಣೆ ಹಾಕಿ, ಖಾಲಿ ಚೀಲವನ್ನು ಮಡಚಿ, ಬಂದ ಬಸ್ಸಿನ ದಾರಿಯಲ್ಲೇ ತಿರುಗಿ ಹೊರಟಳು. ಅಳು ಬಂದದ್ದು ಯೇವಲಾದ ಸ್ಟ್ಯಾಂಡಿನಲ್ಲಿ, ಚಹಾ ಮಾರುವವನು ಆಯೀ ಚಹಾ ಎಂದು ಕಿಟಕಿಗೆ ಕೈ ಒಡ್ಡಿದಾಗ. ಅವನು ಹೆದರಿ ಮುಂದಿನ ಕಿಟಕಿಗೆ ಹೋದ.

ಗಂಡನಿಗೆ ಅವಳು ಹೇಳಿದ್ದು ಇಷ್ಟೇ, "ಹೋಗೂಣ ನಡೀರಿ. ದೇವರನ್ನ ಪರರ ಎಣ್ಣ್ಯಾಗ ಎಷ್ಟು ದಿನ ಇಡ್ತೀರಿ?" ಅವನು ಹೆಂಡತಿ ಒಪ್ಪಿದಳು ಎಂದು ಖುಷಿಯಾದ. ಯಾಕೆ ಒಪ್ಪಿದೆ ಎಂದು ಕೇಳುವ ಬುದ್ಧಿ ಬರಲಿಲ್ಲ. ಕೇಳಿದ್ದರೆ ಅವಳು ಹೇಳುತ್ತಿದ್ದಳೋ ಇಲ್ಲವೋ ಅದು ಬೇರೆ ಮಾತು.

ಪ್ರಿಯಾಳಿಗೆ ಹೇಳುವುದೇ ಕಷ್ಟವಾಯಿತು. ಹುಡುಗಿ ಅಳಲಿಲ್ಲ, ಕೂಗಲಿಲ್ಲ. ಫೀಸೂ ಹಾಸ್ಟೆಲಿನ ಖರ್ಚೂ ಆಗದ ಮಾತು ಎಂದು ಅವಳಿಗೆ ತಾಯಿಗಿಂತ ಮೊದಲೇ ತಿಳಿದಿತ್ತು. ಗೆಳತಿ ಮೃಣಾಲಿನಿ ನಾಸಿಕದ ಹತ್ತಿರದ ಸಿನ್ನರಿನ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಮಾಡುತ್ತಾಳೆ, ಕಂಪನಿಯ ಬಸ್ಸು ಇದೆ, ಅವಳ ಖೋಲಿಯಲ್ಲಿ ಒಬ್ಬರಿಗೆ ಜಾಗವಿದೆ, ನಾನೂ ಅಲ್ಲೇ ಸೇರುತ್ತೇನೆ ಅಂದಳು.

"ಅವ್ವಾ, ಮೀ ಏಕ್ ವರ್ಷ ಗ್ಯಾಪ್ ಘೇತೇ. ಆಮೇಲೆ ಮತ್ತ ಸೇರ್ತೀನಿ."

"ಹೂಂ ಬೇಟಾ. ಒಂದು ವರ್ಷ ಏನು ದೊಡ್ಡದು," ಅಂದಳು ತಾಯಿ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಪ್ಯಾಕಿಂಗಿಗೆ ಹೋದ ಎಷ್ಟು ಹುಡುಗಿಯರು ತಿರುಗಿ ಕಾಲೇಜಿಗೆ ಬಂದಿದ್ದಾರೆ ಎಂಬುದು ಅಂಬಡಿನಲ್ಲಿ ಇರುವವರಿಗೆ ಕೇಳಿ ತಿಳಿಯಬೇಕಾದ ವಿಷಯವಲ್ಲ.

ದೇವರಿಗೆ ಮುಹೂರ್ತ ಬೇಕಾಗಿತ್ತು, ಮನುಷ್ಯರಿಗೆ ಯಾವ ದಿನವಾದರೂ ನಡೆಯುತ್ತದೆ. ಪಿತೃಪಕ್ಷದಲ್ಲೇ ಒಂದು ಛೋಟಾ ಹಾಥಿ ಟೆಂಪೋಕ್ಕೆ ಸಾಮಾನು ಏರಿತು. ಮಂಗಲಾತಾಯಿ ಉಳಿದ ಬಾಡಿಗೆಯನ್ನು ಡಿಪಾಜಿಟ್ಟಿನಲ್ಲಿ ಹಿಡಿದುಕೊಂಡು, ಪ್ರೇಮಾಬಾಯಿಗೆ ನೆರೆಯವಳ ಕೈಯಿಂದ ಅರಿಶಿನ ಕುಂಕುಮ ಹಚ್ಚಿಸಿ, ಕುಪ್ಪಸದ ಬಟ್ಟೆ ಕೊಟ್ಟು ಕಣ್ಣೊರೆಸಿಕೊಂಡಳು. ಮಹಿಬೂಬ ಮೇಸ್ತ್ರಿಯ ಮಂದಿ ಟ್ರಂಕು, ಕಪಾಟು ಎತ್ತಿ ಹಾಕಿದರು. ಯಾರೂ ಕೂಲಿ ತಗೊಳ್ಳಲಿಲ್ಲ. "ನಾಳೆಯಿಂದ ಮತ್ತ ಹೋಟೆಲಿನ ರೊಟ್ಟಿನ ಗತಿ ಅಕ್ಕಾ," ಅಂದ ಒಬ್ಬ, ನಗಲಿಕ್ಕೆ ನೋಡಿದ, ಆಗಲಿಲ್ಲ.

ಗಂಗಾಪುರ ಮುಟ್ಟುವಾಗ ಹೊತ್ತು ಇಳಿಯುತ್ತಿತ್ತು. ಸಾಮಾನು ಅಂಗಳದಲ್ಲಿ ಬಿದ್ದಿತ್ತು, ಗ್ಯಾಸಿನ ಒಲೆ ಇನ್ನೂ ಗೋಣಿಯಲ್ಲಿ. ಪ್ರೇಮಾಬಾಯಿ ಸೆರಗು ಕಟ್ಟಿ ಕಸ ಹೊಡೆಯಲು ನಿಂತಿದ್ದಾಗ ಎದುರು ಮನೆಯ ಹೆಂಗಸು ಬಂದಳು. ಕೈಯಲ್ಲಿ ಬಟ್ಟೆ ಮುಚ್ಚಿದ ತಾಟು. ಹೊಸ ಮನೆಗೆ ಬಂದವರು ಮೊದಲ ದಿನ ಒಲೆ ಹಚ್ಚಬಾರದು, ದಣಿದಿರುತ್ತಾರೆ, ಓಣಿಯವರೇ ಉಣ್ಣಿಸಬೇಕು, ನಮ್ಮಲ್ಲಿ ಹಾಗೇ ಎಂದಳು ಮರಾಠಿಯಲ್ಲಿ. ಬಟ್ಟೆ ತೆಗೆದರೆ ಬಿಸಿ ಭಾಕ್ರಿ, ಕಡಲೆಹಿಟ್ಟಿನ ಪಿಠಲೆ, ಹಸಿಮೆಣಸಿನ ಠೇಚಾ.

ಅವಳು ಕೂತು ಎರಡು ಮಾತಾಡುವಷ್ಟರಲ್ಲಿ ಪಕ್ಕದ ಮನೆಯವಳು ಬಂದಳು. ಅವಳದೂ ಭಾಕ್ರಿ. ಮೂಲೆಮನೆಯ ಮುದುಕಿ ಸೊಸೆಯ ಕೈ ಹಿಡಿದುಕೊಂಡು ಬಂದಳು, ಸೊಸೆಯ ಇನ್ನೊಂದು ಕೈಯಲ್ಲಿ ಭಾಕ್ರಿ. ಕುಸುಮಾವತಿಯೂ ತಂದಳು. ಕತ್ತಲಾಗುವುದರೊಳಗೆ ಪ್ರೇಮಾಬಾಯಿಯ ಮುಂದೆ ಭಾಕ್ರಿಗಳ ರಾಶಿ ಬಿತ್ತು.

ಕಸುಬಿನ ಕಣ್ಣು, ಸುಮ್ಮನಿರಲಿಲ್ಲ. ಒಂದನ್ನು ಎತ್ತಿ ತಿರುವಿ ನೋಡಿದಳು. ಅಂಚು ಎಲ್ಲೂ ಸೀಳಿರಲಿಲ್ಲ. ಪದರು ಪೂರಾ ಬಿಟ್ಟಿತ್ತು, ಮೈಮೇಲೆ ಒಂದು ಕರಿ ಚುಕ್ಕಿಯಿಲ್ಲ. ಇನ್ನೊಂದನ್ನು ಎತ್ತಿದಳು. ಅದು ಅವಳ ರೊಟ್ಟಿಗಿಂತ ತೆಳ್ಳಗಿತ್ತು. ಮುದುಕಿಯ ಸೊಸೆಗೆ ಇನ್ನೂ ಇಪ್ಪತ್ತೂ ತುಂಬಿರಲಿಕ್ಕಿಲ್ಲ, ಅವಳದು ಕೂಡ ಹುಣ್ಣಿಮೆಯ ಚಂದ್ರನಷ್ಟು ದುಂಡಗೆ. ಇಲ್ಲಿ ಏನೋ ಒಂದು ಸಂದಿ ಉಳಿದೀತು, ಯಾರಿಗೋ ಬಾರದೆ ಇದ್ದೀತು ಎಂದು ಹೊಟ್ಟೆಯೊಳಗೆ ಎಲ್ಲೋ ಕಾದಿಟ್ಟುಕೊಂಡಿದ್ದ ಆಸೆ ಆ ರಾಶಿಯ ಮುಂದೆ ತಣ್ಣಗೆ ಸತ್ತಿತು. ಬೈದು ಓಡಿಸಿದ್ದರೆ ತಡೆದುಕೊಳ್ಳುತ್ತಿದ್ದಳು. ಇವರು ಪ್ರೀತಿಯಿಂದ ಬಂದಿದ್ದರು, ಇದಕ್ಕೆ ಏನು ಮಾಡುವುದು?

"ನೋಡಿದೇನು, ಎಂಥಾ ಮಂದಿ!" ಅಂದ ವಿಶ್ವನಾಥಪ್ಪ, ಠೇಚಾಕ್ಕೆ ಕಣ್ಣಲ್ಲಿ ನೀರು ಬಂದು ನಗುತ್ತ. "ಇಲ್ಲಿ ಹೊಟ್ಟಿಗಿ ಕಮ್ಮಿ ಬೀಳಾಂಗಿಲ್ಲ ಪ್ರಿಯಾನ ಅವ್ವ."

ಅವಳು ಒಂದು ಚೂರು ಮುರಿದು ಬಾಯಿಗಿಟ್ಟಳು. ರುಚಿ ಇತ್ತು.

ಎದುರು ಮನೆಯವಳು ಹತ್ತಿರ ಸರಿದು ಕೂತು ಒಂದೊಂದೇ ವಿಚಾರಿಸಿದಳು. ಊರು ಯಾವುದು, ಮಕ್ಕಳೆಷ್ಟು, ಮಗಳು ಯಾಕೆ ಬರಲಿಲ್ಲ. ಎಲ್ಲಕ್ಕೂ ಪ್ರೇಮಾಬಾಯಿ ಸಮಾಧಾನದಿಂದ ಹೇಳಿದಳು. ಕಡೆಗೆ ಎದುರು ಮನೆಯವಳು, ನಾಸಿಕದಲ್ಲಿ ನೀವು ಏನಾದರೂ ಮಾಡುತ್ತಿದ್ದಿರಾ ತಾಯೀ, ಎಂದು ಕೇಳಿದಳು.

ಪ್ರೇಮಾಬಾಯಿ ತಾಟಿನ ಕಡೆ ನೋಡಿದಳು.

"ಕಾಹೀ ನಾಹೀ," ಅಂದಳು. ಏನೂ ಇಲ್ಲ, ಮನೆಯಲ್ಲೇ ಇರುತ್ತಿದ್ದೆ.

ಆ ಹೆಂಗಸು ತಲೆಯಾಡಿಸಿ, ನಾವೂ ಹಾಗೇ ಎಂದು ಇನ್ನೊಂದು ಭಾಕ್ರಿ ಅವಳ ತಾಟಿಗೆ ಹಾಕಿದಳು.